ಗೊತ್ತುಮಾಡಿದ ದಿನದ ಶಸ್ತ್ರಪ್ರಸವ

ಪ್ರಸವಕಾಲದಲ್ಲಿ ಮೃತಳಾದವಳ ಕುಕ್ಷಿಯು ಸ್ಪಂದಿಸುತ್ತಿದ್ದರೆ ವೈದ್ಯನು ಕೂಡಲೆ ಅದನ್ನು ಸೀಳಿ ಶಿಶುವನ್ನುದ್ಧರಿಸಬೇಕೆಂಬ ವಿಧಿಯು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲುಂಟು. ಅಲ್ಲಿ ತಾಯಿಯು ಗತಪ್ರಾಣಳು. ಇಂದು ಮೊದಲೇ ದಿನವನ್ನು ಗೊತ್ತುಮಾಡಿ ನಡೆಸುವ ಸಿಸೇರಿಯನ್ ಹೆರಿಗೆಯಲ್ಲಾದರೋ ಆಕೆಯು ಸಾಮಾನ್ಯವಾಗಿ ಎಚ್ಚತ್ತೇ ಇರುತ್ತಾಳೆ. ಹೆಸರು ಕೇಳಿದೊಡನೆ ಅಂಜುವವರು ಈ ಭೇದವನ್ನರಿಯಬೇಕು.

ಶಸ್ತ್ರಕ್ರಿಯೆಗೆ 6 ಗಂಟೆ ಮೊದಲೇ ಘನಾಹಾರವನ್ನು ನಿಲ್ಲಿಸುವರು. ಬೆನ್ನಿಗೆ ಚುಚ್ಚುವ ಸೂಜಿಮದ್ದಿನಿಂದ ಎದೆಯ ಕೆಳಗೆ ನೋವಡಗುವುದು. ಆದರೆ ಎಳೆತವೂ ಒತ್ತುವಿಕೆಯೂ ತಿಳಿಯುತ್ತವೆ. ಇದನ್ನು ಮುಂಚೆಯೇ ಹೇಳದಿದ್ದರೆ, ಮದ್ದು ಹಿಡಿಯಲಿಲ್ಲವೆಂದು ಗರ್ಭಿಣಿಯು ಬೆದರುವುದು ಸಹಜ. ನಿಜವಾಗಿಯೇ ನೋವಾದರೆ ಸಹಿಸಿಕೊಂಡಿರದೆ ವೈದ್ಯರಿಗೆ ತಿಳಿಸತಕ್ಕದ್ದು. ಕೊಯ್ತವು ಬಹುಮಟ್ಟಿಗೆ ಕಿಬ್ಬೊಟ್ಟೆಯಲ್ಲಿ ಅಡ್ಡಲಾಗಿರುತ್ತದೆ. ಶಿಶುವು ಸುಮಾರು 5–10 ನಿಮಿಷಗಳಲ್ಲಿ ಹೊರಬರುವುದು. ಹೊಲಿಗೆಗೆ ಹಿಡಿಯುವ ಕಾಲವೇ ಹೆಚ್ಚು. ಮಗು ಅತ್ತಮೇಲೂ ತಡವೇಕೆಂದು ಹೊರಗಿನ ಬಂಧುಗಳು ಕಳವಳಪಡಬೇಕಾದುದಿಲ್ಲ. ಇಬ್ಬರೂ ಸ್ವಸ್ಥರಾಗಿದ್ದರೆ ಮೊದಲ ಗಂಟೆಯಲ್ಲಿಯೇ ಮೊಲೆಯೂಡಿಸಬಹುದು.