ಬಿಳಿ ಗರಿಯ ಗುಬ್ಬಿಗೆ ತೊನ್ನಲ್ಲ

ಸುಗ್ಗಿ ಮುಗಿದ ಮೇಲೆ ನಾಲ್ಕು ನವಣೆ ತೆನೆ ಸೂರಿಗೆ ಕಟ್ಟುವುದು ನಮ್ಮ ಮನೆಯ ರೂಢಿ. ಅದು ಗುಬ್ಬಿ ಪಾಲು. ಕಳೆದ ವರ್ಷ ಬಂದ ಹೆಣ್ಣು ಗುಬ್ಬಿಯೊಂದರ ರೆಕ್ಕೆಯಲ್ಲಿ ಮೂರ್ನಾಲ್ಕು ಬಿಳಿ ಗರಿ. ಬೂದಿ ಮೆತ್ತಿರಬೇಕು ಅಂದ್ಕೊಂಡೆ. ವಾರವಾದರೂ ಹೋಗಲಿಲ್ಲ.

"ತೊನ್ನು ಹತ್ತೈತಿ ಕಾಕಾ, ನಿಮ್ಮ ಕೋಳಿಗೂ ಬರ್ತೈತಿ" ಅಂದ ಪಕ್ಕದ ಹೊಲದವ. ಮೊಮ್ಮಗ ಕವಣೆ ಹಿಡಿದೇಬಿಟ್ಟ. ಹನ್ನೆರಡು ಕೋಳಿ ಸಾಕಿದ ನನಗೂ ಹೆದರಿಕೆಯೇ. ಆದರೂ ತಡೆದೆ.

ಪಶುವೈದ್ಯರು ಕೇಳಿದ್ದು ಒಂದೇ: "ಕಣ್ಣು ನೋಡಿದಿರಾ?" ನೋಡಿರಲಿಲ್ಲ! ಮರುದಿನ ಕಟ್ಟೆ ಮೇಲೆ ಅಲ್ಲಾಡದೆ ಕೂತು ನೋಡಿದೆ. ಕಪ್ಪು. ಮೆಲನಿನ್ ಎಂಬ ಬಣ್ಣವೇ ಇಲ್ಲದ ಗುಬ್ಬಿಯಾದರೆ ಮೈಯೆಲ್ಲ ಬಿಳಿ, ಕಣ್ಣು ಕೆಂಪು. ಇದಕ್ಕೆ ಕೆಲವು ಗರಿಗಳಿಗಷ್ಟೇ ಬಣ್ಣ ಸೇರಿಲ್ಲ, ಅಂಟುರೋಗವಲ್ಲ. ಹುಣ್ಣು, ತೂಕಡಿಕೆ ಕಂಡರೆ ಮಾತು ಬೇರೆ. ಗೀಜಗನನ್ನೂ ಹೊಸ ಜಾತಿ ಅಂತ ತಿಳಿಯುವವರಿದ್ದಾರೆ. ಮಳೆಗಾಲದಲ್ಲಿ ಗಂಡಿನ ನೆತ್ತಿ ಹಳದಿ, ಆಮೇಲೆ ಹೆಣ್ಣು ಗುಬ್ಬಿಯದೇ ಕಂದು.

ಕೋಳಿಗಳಿಗೆ ಏನೂ ಆಗಿಲ್ಲ. ಗುಬ್ಬಿಗೇ ಕಷ್ಟ. ಗರಿಗೆ ಗಟ್ಟಿತನ ಕೊಡುವುದೂ ಮೆಲನಿನ್ನೇ, ಬಿಳಿ ಗರಿ ಬೇಗ ಸವೆಯುತ್ತದೆ. ಗಿಡುಗನ ಕಣ್ಣಿಗೂ ಬೀಳುತ್ತೆ. ಈ ಸಲ ತೆನೆಯನ್ನು ದಾಸವಾಳದ ಗಿಡದ ಪಕ್ಕಕ್ಕೆ ಕಟ್ಟಿದ್ದೇನೆ, ಥಟ್ಟನೆ ಒಳಗೆ ನುಗ್ಗಲಿ ಅಂತ.