ಗೊರಗೊರ ಅನ್ನುವ ಕೋಳಿಗೆ ಮೊದಲು ಬೇರೆ ಬುಟ್ಟಿ

ಕಳೆದ ಚಳಿಗಾಲದಲ್ಲಿ ನಾವು ಧಾರವಾಡ ಜಿಲ್ಲೆಯ ಶಲವಡಿಗೆ ಹೋಗಿದ್ದೆವು. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಅಲ್ಲಿ ನೆಲೆಸಿದ ಬಂಧುಗಳ ಮನೆ. ಸುತ್ತ ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಅದರಲ್ಲಿ ಕಡಲೆ, ಜೋಳ. ಹಿತ್ತಲಲ್ಲಿ ಹನ್ನೊಂದು ಕೋಳಿ. ನಾವು ಊರಕೋಳಿ ಅನ್ನುವುದು ಅಲ್ಲಿ ಜವಾರಿ ಕೋಳಿ, ನಮ್ಮ ಹೇಂಟೆ ಅಲ್ಲಿ ಹ್ಯಾಟಿ. ಹೆಸರು ಬೇರೆಯಾದರೂ ಲೆಕ್ಕ ಒಂದೇ. ಮೊಟ್ಟೆಯ ದುಡ್ಡು ಮನೆಯ ಹೆಂಗಸರ ಕೈಗೆ. ಮಕ್ಕಳ ಪುಸ್ತಕ, ಮದ್ದು, ನೆಂಟರು ಬಂದಾಗ ಪತ್ತಿರದ ಜೊತೆಗೊಂದು ಸಾರು, ಎಲ್ಲವೂ ಅದರಿಂದಲೇ.

ಸುಬಹಿ ನಮಾಝ್ ಮುಗಿಸಿ ಹಿತ್ತಲಿಗೆ ಬಂದರೆ ಬುಟ್ಟಿಯೊಳಗಿಂದ ಗೊರಗೊರ ಸದ್ದು. ಒಂದು ಹ್ಯಾಟಿ ಕತ್ತು ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಕಣ್ಣಂಚಿನಲ್ಲಿ ನೊರೆ, ಮೂಗಿನಲ್ಲಿ ನೀರು.

ಅರ್ಧ ಗಂಟೆಯೊಳಗೆ ನಾಲ್ಕು ಸಲಹೆ ಬಂತು. ಪಕ್ಕದ ಮನೆಯ ಅಜ್ಜಿ, “ಥಂಡಿ ಹತ್ತೇತ್ರಿ ಅದಕ್ಕ. ಅರಿಷಿಣ, ಬಳ್ಳೊಳ್ಳಿ ಅರದು ಹಾಕ್ರಿ” ಅಂದರು. ಇನ್ನೊಬ್ಬರು, “ಸಂತಿಗೆ ಒಯ್ದು ಮಾರಿಬಿಡ್ರಿ, ಸುಮ್ಮನ ಲುಕ್ಸಾನ ಯಾಕ?” ಅಂದರು. ಮನೆಯ ಹುಡುಗ ತನ್ನ ಕೆಮ್ಮಿಗೆ ತಂದು ಉಳಿದಿದ್ದ ಮಾತ್ರೆ ಹಿಡಿದು ಬಂದ. ಮಾಮಿಯದ್ದು ನಮ್ಮೆಲ್ಲರ ಮನೆಯಲ್ಲೂ ಕೇಳಿಬರುವ ಮಾತು: “ಕಣ್ಣು ಮುಚ್ಚುವ ಮೊದಲು ಬಿಸ್ಮಿ ಹೇಳಿ ಕೊಯ್ದರಾಯ್ತಲ್ಲಾ? ಸತ್ತರೆ ಹರಾಮ್, ಬಿಸಾಡಬೇಕು.”

ನಾಲ್ವರದ್ದೂ ಒಳ್ಳೆಯ ಮನಸ್ಸೇ. ಆದರೆ ಮೊದಲು ಮಾಡಬೇಕಾದ ಕೆಲಸವನ್ನು ಯಾರೂ ಹೇಳಲಿಲ್ಲ. ಆ ಹ್ಯಾಟಿಯನ್ನು ಉಳಿದ ಹತ್ತರಿಂದ ದೂರ ಮಾಡಬೇಕಿತ್ತು. ಎಲ್ಲವೂ ಒಂದೇ ಬಟ್ಟಲಿನಿಂದ ನೀರು ಕುಡಿಯುತ್ತಿದ್ದವು. ಮೂಗಿನ ಸಿಂಬಳ ಆ ನೀರಿಗೆ ಬಿದ್ದರೆ ಸಾಕು, ರೋಗ ಹತ್ತು ಬಾಯಿಗೆ ಹಂಚಿಹೋಗುತ್ತದೆ. ಹಾಗಾಗಿ ಮನೆಯ ಇನ್ನೊಂದು ಬದಿಯಲ್ಲಿ, ಗಾಳಿಯ ಹೊಡೆತ ಇಲ್ಲದಲ್ಲಿ ಬೇರೆ ಬುಟ್ಟಿ, ಬೇರೆ ಬಟ್ಟಲು ಇಟ್ಟೆವು. ಮೊದಲು ಗಟ್ಟಿ ಕೋಳಿಗಳಿಗೆ ಮೇವು ಹಾಕುವುದು, ಕಡೆಗೆ ರೋಗದ ಕೋಳಿಯ ಹತ್ತಿರ ಹೋಗುವುದು, ಕೈ ಸೋಪಿನಲ್ಲಿ ತೊಳೆಯುವುದು ಎಂದು ಕ್ರಮ ಮಾಡಿದೆವು. ಆಮೇಲೆ ಪಶು ವೈದ್ಯರಿಗೆ ಫೋನು.

ಸದ್ದು ಒಂದೇ, ರೋಗ ಹಲವು

ಗೊರಗೊರ ಅಂದ ಕೂಡಲೇ ಶೀತ ಎಂದು ತೀರ್ಮಾನಿಸುವಂತಿಲ್ಲ. ಕೋಳಿ ಬಾಯಿ ತೆರೆದು ಉಸಿರಾಡಲು ಕಾರಣ ಬೇರೆ ಬೇರೆ ಇರುತ್ತದೆ.

ಕಣ್ಣಲ್ಲಿ ನೊರೆ, ಗೊರಗೊರ ಸದ್ದು, ನಿಧಾನಕ್ಕೆ ಸೊರಗುವುದು ಇದ್ದರೆ ಹೆಚ್ಚಾಗಿ ಸಿಆರ್‌ಡಿ ಎಂಬ ದೀರ್ಘಕಾಲದ ಉಸಿರಾಟದ ರೋಗ. ಮೈಕೋಪ್ಲಾಸ್ಮಾ ಎಂಬ ರೋಗಾಣು ಇದಕ್ಕೆ ಕಾರಣ. ಚಳಿ, ಧೂಳು, ಹಿಕ್ಕೆಯ ಘಾಟು ಇದನ್ನು ಕೆರಳಿಸುತ್ತವೆ. ಮುಖ ಊದಿ, ಕಣ್ಣು ಮುಚ್ಚಿಕೊಂಡು, ಮೂಗಿನ ಸಿಂಬಳ ದುರ್ನಾತ ಬಂದರೆ ಕೊರೈಜಾ ಇರಬಹುದು. ಜುಟ್ಟಿನ ಮೇಲೆ ಗುಳ್ಳೆ, ಬಾಯಿ ತೆರೆದು ನೋಡಿದರೆ ಗಂಟಲಲ್ಲಿ ಹಳದಿ ಪೊರೆ ಇದ್ದರೆ ಕೋಳಿ ಸಿಡುಬು. ಅದನ್ನು ಸೊಳ್ಳೆಗಳೂ ಹರಡುತ್ತವೆ. ಬೂಸ್ಟು ಹಿಡಿದ ಹೊಟ್ಟು, ಹುಲ್ಲು ಹಾಸಿದರೆ ಮರಿಗಳ ಶ್ವಾಸಕೋಶಕ್ಕೆ ಶಿಲೀಂಧ್ರ ಇಳಿಯುತ್ತದೆ. ಅದಕ್ಕೆ ಯಾವ ಆಂಟಿಬಯೊಟಿಕ್ಕೂ ನಾಟುವುದಿಲ್ಲ.

ಇವೆಲ್ಲಕ್ಕಿಂತ ಭಯಂಕರವಾದದ್ದು ಕೊಕ್ಕರೆ ರೋಗ, ಅಂದರೆ ರಾಣಿಕೇತ. ಉತ್ತರಾಖಂಡದ ರಾಣಿಕೇತದಲ್ಲಿ 1927ರಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಅದಕ್ಕೆ ಆ ಊರಿನ ಹೆಸರೇ ನಿಂತಿದೆ. ಏದುಸಿರಿನ ಜೊತೆ ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಕಾಲು-ರೆಕ್ಕೆ ಬೀಳುವುದು ಇದರ ಗುರುತು. ಇದು ವೈರಸ್, ಬಂದ ಮೇಲೆ ಮದ್ದಿಲ್ಲ. ಕೆಲವೇ ದಿನಗಳಲ್ಲಿ ಹಿತ್ತಲು ಖಾಲಿ.

ಒಂದು ಸೀಸೆ, ಇಡೀ ಓಣಿ

ರಾಣಿಕೇತಕ್ಕೆ ಮದ್ದಿಲ್ಲದಿದ್ದರೂ ಲಸಿಕೆ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರಕಾರಿ ಸಂಸ್ಥೆಯೇ ಅದನ್ನು ತಯಾರಿಸುತ್ತದೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ಸುಮಾರು 8 ವಾರಕ್ಕೆ ಚುಚ್ಚುಮದ್ದು. ನಡುವಿನ ಬೂಸ್ಟರ್ ಮತ್ತು ಸಿಡುಬಿನ ಲಸಿಕೆ ಯಾವಾಗ ಎಂದು ವೈದ್ಯರು ಹೇಳುತ್ತಾರೆ.

ಹಾಗಿದ್ದರೂ ಹಿತ್ತಲ ಕೋಳಿಗೆ ಲಸಿಕೆ ಯಾಕೆ ಆಗುವುದಿಲ್ಲ? ಒಂದು ಸೀಸೆಯಲ್ಲಿ ನೂರು, ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ತಂಪಿನಲ್ಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೊಂದು ಕೋಳಿಯ ಮನೆಯವರು ಒಬ್ಬರೇ ಹೋಗಿ ಕೇಳಿದರೆ ಸೀಸೆ ಒಡೆಯುವುದು ಕಷ್ಟ. ಶಲವಡಿಯ ಮಾಮಿಗೆ ವೈದ್ಯರು ಹೇಳಿದ್ದೂ ಅದನ್ನೇ: “ಒಬ್ಬರ ಬರಬ್ಯಾಡ್ರಿ ಅಕ್ಕಾರ, ಓಣಿಯವರೆಲ್ಲಾ ಕೂಡಿ ಒಂದು ದಿನಾ ಗೊತ್ತು ಮಾಡ್ರಿ.”

ನಮ್ಮ ಜಮಾಅತ್‌ಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಇದು ದೊಡ್ಡ ಕೆಲಸವೇನಲ್ಲ. ಹತ್ತು ಹದಿನೈದು ಮನೆಯವರು ತಮ್ಮ ಕೋಳಿಗಳ ಲೆಕ್ಕ ಬರೆದುಕೊಟ್ಟರೆ ಸಾಕು. ಕೋಳಿ ಬುಟ್ಟಿಯಲ್ಲೇ ಇರುವ ಮುಂಜಾನೆ ಹೊತ್ತು ಒಳ್ಳೆಯದು. ಒಂದು ಮಾತು ನೆನಪಿಡಿ, ಲಸಿಕೆ ಗಟ್ಟಿ ಕೋಳಿಗೆ ಮಾತ್ರ. ಈಗಾಗಲೇ ಗೊರಗುಟ್ಟುವ ಕೋಳಿಗೆ ಅಲ್ಲ.

ಮಾತ್ರೆ ಮತ್ತು ಕತ್ತಿ

ಹುಡುಗನ ಕೈಯಲ್ಲಿದ್ದ ಮಾತ್ರೆಯ ವಿಷಯಕ್ಕೆ ಬರೋಣ. ಮನುಷ್ಯರಿಗೆ ಕೊಟ್ಟು ಉಳಿದ ಆಂಟಿಬಯೊಟಿಕ್ ಅನ್ನು ಕೋಳಿಗೆ ಅಂದಾಜಿನಲ್ಲಿ ಹಾಕಿದರೆ ರೋಗಾಣು ಸಾಯುವ ಬದಲು ಆ ಮದ್ದಿಗೆ ಒಗ್ಗಿಕೊಳ್ಳುತ್ತದೆ. ನಾಳೆ ನಮ್ಮ ಮಕ್ಕಳಿಗೆ ಅದೇ ಮದ್ದು ಬೇಕಾದಾಗ ಕೆಲಸ ಮಾಡದೇ ಹೋಗಬಹುದು. ಇದೇ ಭಯದಿಂದ ಕೇಂದ್ರ ಸರಕಾರ 2019ರಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಿತು. ವೈದ್ಯರು ಬರೆದುಕೊಟ್ಟ ಮದ್ದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಮದ್ದು ನಿಂತ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ಬಳಸಬಾರದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಇನ್ನು ಮಾಮಿಯ ಮಾತು. ಸಾಯುವ ಮೊದಲು ಕೊಯ್ದದ್ದು ಹಲಾಲ್ ಹೌದೋ ಅಲ್ಲವೋ ಎಂಬುದನ್ನು ಉಸ್ತಾದರು ಹೇಳಲಿ, ಅದು ನಮ್ಮ ಕೆಲಸವಲ್ಲ. ಆದರೆ ತಿನ್ನುವುದು ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ, ಅಂದರೆ ಶುದ್ಧವೂ ಆಗಿರಬೇಕು ಎಂದು ಮದ್ರಸದಲ್ಲೇ ಕಲಿತವರು ನಾವು. ಯಾವ ರೋಗವೆಂದೇ ಗೊತ್ತಿಲ್ಲದ ಕೋಳಿಯನ್ನು ಕೊಯ್ಯುವವರ, ಪುಕ್ಕ ಕೀಳುವವರ ಕೈಗೆ, ಕಣ್ಣಿಗೆ ರಕ್ತ, ಸಿಂಬಳ ತಾಗುತ್ತದೆ. ರಾಣಿಕೇತದ ಕೋಳಿ ಮುಟ್ಟಿದವರಿಗೆ ಕಣ್ಣು ಕೆಂಪಾಗುವುದುಂಟು. ಹಕ್ಕಿಜ್ವರವಾದರೆ ಜೀವಕ್ಕೇ ಅಪಾಯ. ಸಂತೆಗೆ ಒಯ್ದು ಮಾರಿದರೂ ನಮ್ಮ ನಷ್ಟ ಇನ್ನೊಂದು ಬಡ ಮನೆಯ ಹಿತ್ತಲಿಗೆ ಹೋಗುತ್ತದೆ ಅಷ್ಟೇ. ಗೊತ್ತಿದ್ದೂ ದೋಷ ಮುಚ್ಚಿಟ್ಟು ಮಾರುವುದು ವ್ಯಾಪಾರವಲ್ಲ, ಮೋಸ.

ಒಟ್ಟಿಗೆ ಸತ್ತರೆ

ಒಂದು ಕೋಳಿಗೆ ಶೀತವಾಗುವುದು ಬೇರೆ, ಒಂದೆರಡು ದಿನದಲ್ಲಿ ಹಲವು ಕೋಳಿ ಸಾಯುವುದು ಬೇರೆ. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಂಡಿದೆ. ಅದನ್ನು ಖಚಿತಪಡಿಸುವುದು ಭೋಪಾಲದ ಪ್ರಯೋಗಾಲಯ, ನಮ್ಮ ಕಣ್ಣಂದಾಜಲ್ಲ. ಹಾಗಾದರೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ, ಕೆರೆಗೆ ಎಸೆಯಬೇಡಿ, ನಾಯಿಗೂ ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನು ಮಾಡಿ. ಹೂಳುವುದಾದರೆ ಆಳದ ಗುಂಡಿಯಲ್ಲಿ, ಸುಣ್ಣ ಹಾಕಿ.

ಆ ಹ್ಯಾಟಿ ಏನಾಯ್ತು?

ವೈದ್ಯರು ನೋಡಿ ಸಿಆರ್‌ಡಿ ಎಂದರು. ನೀರಿನಲ್ಲಿ ಕಲಸುವ ಮದ್ದು ಕೊಟ್ಟರು. ಬುಟ್ಟಿ ಇಡುತ್ತಿದ್ದ ಜಾಗವನ್ನೂ ನೋಡಿದರು. ಕಡಲೆ ಹೊಟ್ಟು ರಾಶಿ ಹಾಕಿದ್ದ ಕೋಣೆ ಅದು, ರಾತ್ರಿಯಿಡೀ ಧೂಳು. ಕೆಳಗಿನ ಹಿಕ್ಕೆ ಎಷ್ಟೋ ದಿನದಿಂದ ಗುಡಿಸಿರಲಿಲ್ಲ. ಹೊಟ್ಟು ಹೊರಗೆ ಹೋಯಿತು, ನೆಲಕ್ಕೆ ಸುಣ್ಣ ಬಿತ್ತು. ನಮ್ಮ ಕರಾವಳಿಯಲ್ಲಿ ಧೂಳಿನ ಬದಲು ಜೂನ್-ಜುಲೈಯ ಒದ್ದೆ ನೆಲ ಇದೇ ಕೆಲಸ ಮಾಡುತ್ತದೆ. ಗೂಡು ಎತ್ತರದಲ್ಲಿ, ಒಣಗಿ, ಗಾಳಿಯಾಡುವಂತೆ ಇರಲಿ.

ಎರಡು ಮರಿ ಸತ್ತವು. ಹ್ಯಾಟಿ ಉಳಿಯಿತು. ಆದರೆ ವೈದ್ಯರು ಹೊರಡುವಾಗ ಇನ್ನೊಂದು ಮಾತು ಹೇಳಿದ್ದರು. ಸಿಆರ್‌ಡಿ ಗುಣವಾದಂತೆ ಕಂಡರೂ ರೋಗಾಣು ಮೈಯಲ್ಲೇ ಉಳಿಯಬಹುದು, ಮೊಟ್ಟೆಯ ಮೂಲಕ ಮರಿಗೂ ಇಳಿಯಬಹುದು. ಹಾಗಾಗಿ ಅದರ ಮೊಟ್ಟೆಯನ್ನು ಕಾವಿಗೆ ಇಡಬೇಡಿ.

ಮೊನ್ನೆ ಫೋನು ಮಾಡಿದಾಗ ಮಾಮಿ ಹೇಳಿದರು, ಪಕ್ಕದ ಮನೆಯ ಅಜ್ಜಿ ತಮ್ಮ ಗಟ್ಟಿ ಹ್ಯಾಟಿಯ ಎಂಟು ಮೊಟ್ಟೆ ಕಾವಿಗೆಂದು ಕೊಟ್ಟಿದ್ದಾರಂತೆ. ಲಸಿಕೆಯ ದಿನಕ್ಕೆ ಓಣಿಯ ಲೆಕ್ಕ ಬರೆಯುತ್ತಿರುವವರೂ ಅವರಿಬ್ಬರೇ.