ಕೋಳಿಮೊಟ್ಟೆ ಕೇಳಿಸಿದ ಪ್ರಶ್ನೆ

ಕೋಳಿಮೊಟ್ಟೆಯ ಬಿಳಿಯ ಲೋಳೆಗೆ ತುಸು ಹಳದಿ ಬಣ್ಣವಿರುತ್ತದೆ. ಅದು ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಬಣ್ಣ. ತಾಯಿಯ ರಕ್ತದಿಂದ ಅದನ್ನು ಮೊಟ್ಟೆಗೆ ಹೊತ್ತು ತರಲೆಂದೇ ಒಂದು ಪ್ರೊಟೀನ್ ಇದೆ. ಹುಟ್ಟಿನಿಂದಲೇ ಆ ಪ್ರೊಟೀನ್ ಇಲ್ಲದ ಕೋಳಿಗಳು ಆರೋಗ್ಯವಾಗಿಯೇ ಬದುಕುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಆದರೆ ಒಳಗಿನ ಭ್ರೂಣ 13ನೇ ದಿನದ ಹೊತ್ತಿಗೆ ಸಾಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪಿ. ಆರ್. ಅಡಿಗರ ಗಮನ ಸೆಳೆದದ್ದು ಇದೇ. ಬಸಿರಾಗುವ ಪ್ರಾಣಿಗಳಲ್ಲೂ ಇಂಥ ಪ್ರೊಟೀನ್ ಇದೆಯೇ? ಹುಡುಕಿದಾಗ ಗಬ್ಬದ ಇಲಿಗಳ ರಕ್ತದಲ್ಲಿ ಅದು ಸಿಕ್ಕಿತು. ಕೋಳಿಯ ಪ್ರೊಟೀನನ್ನೇ ಲಸಿಕೆಯಾಗಿ ಹೆಣ್ಣು ಇಲಿಗಳಿಗೆ ಚುಚ್ಚಿದರು. ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಇಲಿಯ ಸ್ವಂತ ಪ್ರೊಟೀನನ್ನೂ ತಡೆದವು. ಗರ್ಭ ಮೊದಲ ದಿನಗಳಲ್ಲೇ ನಾಶವಾಯಿತು, ಆದರೆ ತಾಯಿಗೆ ಜೀವಸತ್ವದ ಕೊರತೆಯಾಗಲಿಲ್ಲ. ಸಿ. ವಿ. ಆರ್. ಮೂರ್ತಿ ಮತ್ತು ಅಡಿಗರ ಈ ಸಂಶೋಧನೆ 1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಕೋತಿಗಳಲ್ಲೂ ಇದೇ ಫಲ ಕಂಡಿತು. ಗಂಡು ಪ್ರಾಣಿಗಳ ಫಲವಂತಿಕೆಯನ್ನೂ ಈ ಲಸಿಕೆ ತಗ್ಗಿಸಬಲ್ಲದೆಂದು ತಿಳಿಯಿತು.

ಆದರೂ ಅದು ಮನುಷ್ಯರ ಬಳಕೆಗೆ ಬರಲಿಲ್ಲ. ಎಲ್ಲರ ದೇಹವೂ ಸಮನಾಗಿ ಪ್ರತಿಕಾಯ ಹುಟ್ಟಿಸುವುದಿಲ್ಲ ಎನ್ನುವುದು ಗರ್ಭನಿರೋಧಕ ಲಸಿಕೆಗಳ ದೊಡ್ಡ ತೊಡಕು. ದೆಹಲಿಯ ಜಿ. ಪಿ. ತಲ್ವಾರ್ ತಂಡ ಬೇರೊಂದು ಲಸಿಕೆಯನ್ನು 148 ಮಹಿಳೆಯರಿಗೆ ಕೊಟ್ಟು 1994ರಲ್ಲಿ ವರದಿ ಮಾಡಿದಾಗ, ಸುಮಾರು ಐವರಲ್ಲಿ ಒಬ್ಬರಿಗೆ ಸಾಕಷ್ಟು ಪ್ರತಿಕಾಯ ಬಂದಿರಲಿಲ್ಲ.

ಇಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳ ಹೆಣ್ಣುಮಕ್ಕಳಿಗೂ ಸರ್ಕಾರಿ ಕುಟುಂಬ ಯೋಜನೆಯಲ್ಲಿ ಛಾಯಾ ಎಂಬ ಗರ್ಭನಿರೋಧಕ ಗುಳಿಗೆಯಿದೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಇಂಜೆಕ್ಷನ್ ಇದೆ. ಹಾರ್ಮೋನಿಲ್ಲದ ಛಾಯಾ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧ. ನಮ್ಮ ಪ್ರಯೋಗಾಲಯದ ಕೆಲಸ ಹಳ್ಳಿಯ ಮನೆಬಾಗಿಲನ್ನು ಮುಟ್ಟಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ಆದರೂ ರಾಜ್ಯದಲ್ಲಿ ಕುಟುಂಬ ಯೋಜನೆಯೆಂದರೆ ಹೆಚ್ಚಾಗಿ ಹೆಂಗಸರು ಆಪರೇಷನ್ ಮಾಡಿಸಿಕೊಳ್ಳುವುದೇ ಆಗಿದೆ. ಗಂಡಸರಿಗಿರುವುದು ನಿರೋಧ್ ಮತ್ತು ಶಸ್ತ್ರಚಿಕಿತ್ಸೆ ಮಾತ್ರ. ಅಡಿಗರ ಪ್ರಯೋಗಗಳು ಗಂಡಸಿನ ಕಡೆಯಿಂದಲೂ ಒಂದು ದಾರಿ ತೋರಿಸಿದ್ದವು. ಆ ದಾರಿಯಲ್ಲಿ ಸಂಶೋಧನೆ ಮುಂದುವರಿಯಬೇಕು, ಅದಕ್ಕೆ ಹಣವೂ ಒದಗಬೇಕು. ಮಕ್ಕಳು ಇಬ್ಬರದಾದ ಮೇಲೆ ಹೊಣೆಯೂ ಇಬ್ಬರದೇ.